ಎನಿಡ್ ಅಕ್ಕನ ಕ್ಷೌರದ ಕತ್ತಿ

ಎನಿಡ್ ಅಕ್ಕ ನನ್ನ ಕೆಲಸದ ಕೋಣೆಗೆ ಕಾಲಿಡದೆ ಹನ್ನೊಂದು ವರ್ಷವಾಗಿತ್ತು. ಮೆಟ್ಟಿಲು ಕಡಿದಾದವು, ಮೇಲೆ ಬಂದರೆ ಕತ್ತಿ ಹಿಡಿಗೆ ಉಜ್ಜಿದ ಕೊಂಬಿನ ಧೂಳು, ಕೆಮ್ಮು ಹತ್ತುತ್ತೆ ಅನ್ನುವುದು ಅವಳ ನೆಪ. ಹಾಗಾಗಿ ಮಾರ್ಚ್ ತಿಂಗಳ ಆ ಗುರುವಾರ ಬೆಳಿಗ್ಗೆ ಕೆಳಗಿನ ಅಂಗಳದಲ್ಲಿ ಅವಳ ದನಿ ಕೇಳಿಸಿದಾಗ ನಾನು ಅರ ಕೆಳಗಿಟ್ಟು ಬಾಗಿಲಿಗೆ ಬಂದೆ. ಅವಳ ಎಡಗೈಗೆ ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಬ್ಯಾಂಡೇಜು. ಬಲಗೈಯಲ್ಲಿ ದಿಂಬಿನ ಚೀಲದಲ್ಲಿ ಸುತ್ತಿದ ಏನೋ ಒಂದು.

ಕೆಳಗಿನ, ಚಮಚ ಚಾಕು ಪಾಲಿಶ್ ಮಾಡುವ ಅಂಗಡಿಯ ಗರ್ಟಿ ಆಗಲೇ ಅವಳನ್ನು ತಡೆದು ನಿಲ್ಲಿಸಿದ್ದಳು. ತಲೆಗೆ ಕೆಂಪು ಬಟ್ಟೆ, ಏಪ್ರನ್ನಿನ ಮೇಲೆ ಸುತ್ತಿಕೊಂಡ ಹಳೇ ಪೇಪರು, ಮುಖವೆಲ್ಲ ಮಸಿ.

"ಏನೇ ಎನಿಡ್, ಯಾರಿಗೆ ಬಾರಿಸಿ ಬಂದೆ?"

"ನಿನ್ನ ಗಂಡನಿಗೆ ಕಣೇ. ದಾರೀಲಿ ಸಿಕ್ಕಿದ್ದ."

"ಇನ್ನೆರಡು ಹಾಕಬಾರದಿತ್ತಾ? ಒಂದು ಕೈಯಾದ್ರೂ ನೆಟ್ಟಗಿತ್ತಲ್ಲ!"

ಅಕ್ಕ ನಗುತ್ತಲೇ ಮೆಟ್ಟಿಲು ಹತ್ತಿದಳು. ಒಳಗೆ ಬಂದು ಸ್ಟೂಲಿನ ಮೇಲೆ ಕೂತ ಮೇಲೆ ನಗು ನಿಂತಿತು.

"ಬ್ರೆಡ್ ಕುಯ್ಯೋವಾಗ ಚಾಕು ಜಾರ್ತು ಹೆಡ್ಲೀ," ಅಂದಳು, ನಾನು ಕೇಳುವ ಮೊದಲೇ. "ಏಳು ಹೊಲಿಗೆ."

"ಬ್ರೆಡ್ ಚಾಕೂಗೆ ಹಲ್ಲಿರುತ್ತೆ ಅಕ್ಕಾ, ಅದು ಚರ್ಮನ ಹರಿದು ಹಾಕುತ್ತೆ. ಏಳು ಹೊಲಿಗೆ ಹಾಕೋ ಹಾಗೆ ಇಷ್ಟುದ್ದ ಸೀಳಲ್ಲ. ನಲವತ್ತು ವರ್ಷದಿಂದ ಅಲಗಿನ ಜೊತೇನೇ ಇರೋನಿಗೆ ಈ ಕತೆ ಹೇಳ್ಬೇಡ."

ಅವಳು ದಿಂಬಿನ ಚೀಲ ಬಿಚ್ಚಿ ಬೆಂಚಿನ ಮೇಲಿಟ್ಟಳು. ಕರಿ ಕೊಂಬಿನ ಹಿಡಿಯ, ಮಡಿಸುವ ಕ್ಷೌರದ ಕತ್ತಿ. ನೋಡಿದೊಡನೆ ಗುರುತು ಸಿಕ್ಕಿತು. ಅದನ್ನು ಮಾಡಿದ್ದು ನಾನೇ.

"ಸಡಿಲ ಆಗಿದೆ," ಅಂದಳು. "ಎತ್ತಿ ಹಿಡಿದ್ರೆ ಅಲಗು ತಾನಾಗೇ ಬಿದ್ದುಬಿಡುತ್ತೆ. ಮೊನ್ನೆ ಕೈ ಮೇಲೇ ಬಿತ್ತು. ಬೀಳದ ಹಾಗೆ ಮಾಡಿಕೊಡು. ಬೇರೆ ಏನೂ ಮುಟ್ಟಬೇಡ."

"ಇದು ಇನ್ನೂ ನಿನ್ನ ಹತ್ರ ಇದೆಯಾ?"

"ಎಲ್ಲಿಗೆ ಹೋಗುತ್ತೆ? ಅವನದ್ದು ತಾನೆ."

ಅಷ್ಟು ಹೇಳಿ ಎದ್ದಳು. ಭಾನುವಾರ ಊಟಕ್ಕೆ ಬರುವಾಗ ತಗೊಂಡು ಬಾ ಅಂದಳು. ಮೆಟ್ಟಿಲಿಳಿಯುವಾಗ ಗರ್ಟಿ ಮತ್ತೇನೋ ಕೂಗಿದಳು. ಈ ಸಲ ಅಕ್ಕ ತಿರುಗಿ ನೋಡದೆ ನಡೆದಳು.

ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು, ಎನಿಡ್‌ಗೆ ಹನ್ನೊಂದು. ಅಪ್ಪ ಕತ್ತಿ ಸಾಣೆ ಹಿಡಿಯುವವ. ಸಾಣೆಕಲ್ಲಿನ ಧೂಳು ಎದೆಯಲ್ಲಿ ಕೂತು ಅವನೂ ಐದು ವರ್ಷದಲ್ಲಿ ಹೋದ. ನನ್ನ ಅಂಗಿ ಒಗೆದವಳು, ನನ್ನ ಕುಂಟು ಕಾಲನ್ನು ಹುಡುಗರು ಆಡಿಕೊಂಡರೆ ಬೀದಿಗಿಳಿದು ಅವರ ಕಿವಿ ಹಿಂಡಿದವಳು, ನನ್ನನ್ನು ಕತ್ತಿಗೆ ಹಿಡಿ ಕೂರಿಸುವ ಕಸುಬಿಗೆ ಹಚ್ಚಿದವಳು ಅವಳೇ. ಇಪ್ಪತ್ಮೂರಕ್ಕೆ ಅವಳು ರೆಜ್ ಗ್ರೀವ್ಸ್‌ನನ್ನು ಮದುವೆಯಾದಳು. ಟ್ರಾಮ್ ಕಂಡಕ್ಟರ್. ಉದ್ದ ಮನುಷ್ಯ, ಮಾತು ಕಡಿಮೆ, ಟಿಕೆಟ್ ಹರಿದು ಕೊಡುವಾಗ ಮುದುಕಿಯರಿಗೂ ಟೋಪಿ ಮುಟ್ಟಿ ನಮಸ್ಕರಿಸುತ್ತಿದ್ದ. ಎರಡನೇ ಮಹಾಯುದ್ಧದ ನಡುವೆ, ನಲವತ್ಮೂರರ ಸೆಪ್ಟೆಂಬರಿನಲ್ಲಿ ಮದುವೆ. ನಾನು ಆಗಷ್ಟೇ ಕಸುಬು ಕಲಿತು ಮುಗಿಸಿದ್ದೆ. ನನ್ನ ಸ್ವಂತ ಕೈಯ ಮೊದಲ ಕೆಲಸ ಅಂತ ಒಂದು ಒಳ್ಳೆಯ ಅಲಗು ಆರಿಸಿ, ಎಮ್ಮೆಕೊಂಬಿನ ಹಿಡಿ ಉಜ್ಜಿ, ಆಣಿ ತಟ್ಟಿ ಭಾವನಿಗೆ ಉಡುಗೊರೆ ಕೊಟ್ಟೆ.

ಅವರಿಗೆ ಸಿಕ್ಕಿದ್ದು ಹತ್ತೊಂಬತ್ತು ದಿನ. ಸೈನ್ಯಕ್ಕೆ ಕರೆ ಬಂತು. ಹೋಗುವ ದಿನ ರೆಜ್ ಕತ್ತಿಯನ್ನು ಪೆಟ್ಟಿಗೆಗೆ ಹಾಕದೆ ಅಡುಗೆಮನೆಯ ತೊಟ್ಟಿಯ ಮೇಲಿನ ಹಲಗೆಯಲ್ಲೇ ಇಟ್ಟ. "ಅಲ್ಲಿ ಅವರೇ ಏನೋ ಒಂದು ಕೊಡ್ತಾರೆ. ಇದು ಮನೇದು, ಬಂದ ಮೇಲೆ ಬೇಕಾಗುತ್ತೆ," ಅಂದ. ಸ್ಟೇಷನ್ನಿನವರೆಗೆ ಹೋಗಿ ಬಂದವರು ನಾನು, ಅಕ್ಕ ಇಬ್ಬರೇ. ಕುಂಟನಾದ ನನ್ನನ್ನು ಯಾರೂ ಯುದ್ಧಕ್ಕೆ ಕರೆಯಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಆ ಗಂಡಸರ ನಡುವೆ ನಿಂತುಕೊಳ್ಳುವುದು ನನಗೆ ಎಷ್ಟು ಕಷ್ಟವಾಗಿತ್ತು ಅಂತ ಇವತ್ತಿಗೂ ಯಾರಿಗೂ ಹೇಳಿಲ್ಲ.

ಮರುವರ್ಷ ಅಕ್ಟೋಬರಿನಲ್ಲಿ ಇಟಲಿಯಿಂದ ಕಾಗದ ಬಂತು. ನದಿ ದಾಟುವಾಗ ಕಾಣೆಯಾಗಿದ್ದಾನೆ. ಆಮೇಲೆ ಇನ್ನೊಂದು ಕಾಗದ, ಸತ್ತಿರಬಹುದೆಂದು ಭಾವಿಸಲಾಗಿದೆ. ಅಕ್ಕ ಎರಡನೆಯ ಕಾಗದವನ್ನು ಓದಿ, ಮಡಿಸಿ, ನನ್ನ ಕೈಗೆ ಕೊಟ್ಟು, "ಭಾವಿಸ್ಕೊಳ್ಳಲಿ ಬಿಡು," ಅಂದಳು. ಗಂಡ ಸತ್ತವರು ಉಡುವ ಕಪ್ಪು ಬಟ್ಟೆ ಉಡಲಿಲ್ಲ. ಅಳಲೂ ಇಲ್ಲ, ನಾನು ನೋಡುವ ಹಾಗಂತೂ. ಐವತ್ತೊಂದರಲ್ಲಿ ಔಷಧಿ ಅಂಗಡಿಯ ಬ್ಯಾಗ್‌ಶಾ ಅವಳನ್ನು ಮದುವೆಗೆ ಕೇಳಿದ. ಒಳ್ಳೆಯವ, ಹೆಂಡತಿ ಸತ್ತು ಒಬ್ಬನೇ ಇದ್ದ. "ನನಗೆ ಗಂಡ ಇದ್ದಾನೆ," ಅಂತ ಅವನಿಗೆ ಚಹಾ ಕೊಟ್ಟು ಕಳಿಸಿದಳು. ಅವತ್ತು ನಾನು ಬಾಯಿಗೆ ಬಂದ ಹಾಗೆ ಬೈದೆ. ಸತ್ತೋನಿಗೆ ಊಟ ಬಡಿಸ್ಕೊಂಡು ಮುದುಕಿಯಾಗ್ತೀಯಾ ಅಂದೆ. ವರ್ಷವಿಡೀ ನಮ್ಮಿಬ್ಬರಿಗೆ ಮಾತಿರಲಿಲ್ಲ. ಮತ್ತೆ ಮಾತು ಶುರುವಾದ ಮೇಲೆ ರೆಜ್‌ನ ಹೆಸರನ್ನು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಇಪ್ಪತ್ತಾರು ವರ್ಷ ಭಾನುವಾರ ಭಾನುವಾರ ಅವಳ ಮೇಜಿನಲ್ಲಿ ಉಂಡೆ.

ಆ ಗುರುವಾರ ಮಧ್ಯಾಹ್ನ ಕತ್ತಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ.

ಈಗ ಹೊಸ ಕತ್ತಿ ಯಾರೂ ಮಾಡಿಸುವುದಿಲ್ಲ. ಹಳೆಯವನ್ನು ಸಂಗ್ರಹಿಸುವ ಹುಚ್ಚರು ತಂದು ಕೊಡುತ್ತಾರೆ, ನಾನು ರಿಪೇರಿ ಮಾಡುತ್ತೇನೆ. ಒಂದು ಕತ್ತಿ ನೋಡಿದರೆ ಅದರ ಯಜಮಾನ ಹೇಗಿದ್ದ ಅಂತ ಸುಮಾರಾಗಿ ಹೇಳಬಲ್ಲೆ. ಮೂವತ್ತು ವರ್ಷ ಬಳಸಿದ ಕತ್ತಿಯ ಅಲಗು ಮಸೆದೂ ಮಸೆದೂ ಅಗಲ ಕಳೆದುಕೊಂಡಿರುತ್ತೆ. ಅಲಗು ತಿರುಗುವ ಆಣಿಯ ತೂತು ಅದರ ಜೊತೆಜೊತೆಗೇ ಒಂಚೂರು ಸವೆದಿರುತ್ತೆ. ಅಕ್ಕನ ಕತ್ತಿಯಲ್ಲಿ ಅಲಗು ನಾನು ಕೊಟ್ಟ ಹಾಗೇ ಇತ್ತು. ಅಗಲ ಒಂದು ಕೂದಲೆಳೆಯಷ್ಟೂ ಕಮ್ಮಿಯಾಗಿರಲಿಲ್ಲ, ಎಣ್ಣೆ ಸವರಿ ಸವರಿ ಹೊಳೆಯುತ್ತಿತ್ತು. ಹಿಡಿಯ ತುದಿಯಲ್ಲಿ ಮಾತ್ರ ಅಲಗು ಬೀಳಲಿರುವ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಎತ್ತಿದರೆ ಟಿಕ್ ಅಂತ ಒಂದು ಸದ್ದು, ತೆರೆದರೆ ಕಿರ್ರ್ ಅಂತ, ಮುಚ್ಚಿದರೆ ಟಪ್ ಅಂತ.

ಆಣಿಯ ತಲೆಯನ್ನು ಅರದಿಂದ ಉಜ್ಜಿ ಕಡ್ಡಿಯಿಟ್ಟು ತಟ್ಟಿದೆ. ಒಂದೇ ಏಟಿಗೆ ಉದುರಿತು. ನಾನು ಹಾಕಿದ್ದ ಆಣಿ ನಡುವಿನಲ್ಲಿ ಅರ್ಧಕ್ಕೂ ಹೆಚ್ಚು ತೆಳುವಾಗಿ ಇರುವೆಯ ಸೊಂಟದಂತಾಗಿತ್ತು. ಹಿಡಿಯ ಎರಡು ಕೊಂಬಿನ ಪಟ್ಟಿಗಳಲ್ಲೂ ತೂತು ಮೊಟ್ಟೆಯಾಕಾರ. ಅಲಗಿನ ಉಕ್ಕಿನ ತೂತು ಸಹ ತುಕ್ಕಿನ ಪುಡಿ ಸಿಕ್ಕಿ ಅರೆದು ಅರೆದು ಉದ್ದಕ್ಕೆ ಎಳೆದುಕೊಂಡಿತ್ತು. ಅಲಗಿಗೆ ದಿನಾ ಎಣ್ಣೆ ಕೊಟ್ಟವಳು ಆಣಿಗೂ ಕೊಡಬೇಕೆಂದು ಅರಿಯದೇ ಹೋಗಿದ್ದಳು.

ಹತ್ತೊಂಬತ್ತು ಬೆಳಗಿನ ಕ್ಷೌರಕ್ಕೆ ಉಕ್ಕು ಹೀಗೆ ಸವೆಯುವುದಿಲ್ಲ. ಯಾರೋ ಇದನ್ನು ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡಿದ್ದಾರೆ. ಗಡ್ಡಕ್ಕೆ ತಾಗಿಸದೆ, ಮಸೆಯದೆ, ಸುಮ್ಮನೆ, ಮೂವತ್ನಾಲ್ಕು ವರ್ಷ.

ಉದುರಿದ ಆಣಿಯನ್ನು ಬೆಂಚಿನ ಅಂಚಿಗೆ ಎತ್ತಿಟ್ಟೆ. ಕೆಳಗೆ ಗರ್ಟಿಯ ಚಕ್ರ ಗುಯ್‌ಗುಡುತ್ತಿತ್ತು. ಅಕ್ಕನ ಅಡುಗೆಮನೆಯಲ್ಲಿ ಅಷ್ಟು ಭಾನುವಾರ ಉಂಡವನು ನಾನು. ಗ್ರೇವಿ ತೆಳುವಾಯಿತು ಅಂತ ಗೊಣಗಿದವನು. ಉಳಿದ ಆರು ದಿನ ಅವಳು ಆ ತೊಟ್ಟಿಯ ಮುಂದೆ ನಿಂತು ಏನು ಮಾಡುತ್ತಾಳೆ ಅಂತ ನನಗೆ ಗೊತ್ತೇ ಇರಲಿಲ್ಲ.

ಒಳ್ಳೆಯ ಕೆಲಸ ಮಾಡಿಕೊಡಬೇಕು ಅನ್ನಿಸಿತು. ಐವತ್ತೊಂದರಲ್ಲಿ ಆಡಿದ ಮಾತಿಗೆ ನನ್ನ ಕೈಯಲ್ಲಿ ಬೇರೆ ಏನೂ ಇರಲಿಲ್ಲ.

ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಉಕ್ಕಿನ ತೂತಿಗೆ ಎಣ್ಣೆ ಬಿಟ್ಟು, ಮೊನೆಚೂಪಾದ ಅರವನ್ನು ಕೈಯಲ್ಲೇ ಮೆಲ್ಲಗೆ ತಿರುವಿ ತಿರುವಿ ಗುಂಡಗೆ ಮಾಡಿದೆ. ಯಂತ್ರ ಹಚ್ಚಿದರೆ ಉಕ್ಕು ಬಿರುಕು ಬಿಡುತ್ತೆ. ಅದಕ್ಕೆ ಸರಿಯಾಗಿ ಹಿತ್ತಾಳೆಯ ಸಣ್ಣ ಕೊಳವೆ ಕತ್ತರಿಸಿ, ಬಿಗಿಯಾಗಿ ಒಳಗೆ ತಳ್ಳಿ, ಎರಡೂ ಬಾಯಿಯನ್ನು ತಟ್ಟಿ ಅರಳಿಸಿ, ಸಮಕ್ಕೆ ಉಜ್ಜಿದೆ. ಕೊಂಬಿನ ತೂತುಗಳಿಗೆ ಅದೇ ಬಣ್ಣದ ಕೊಂಬಿನ ಬೆಣೆ ಹೊಡೆದು, ಅಂಟು ಒಣಗಲು ಬಿಟ್ಟು, ಹೊಸದಾಗಿ ತೂತು ಕೊರೆದೆ. ಬೆಣೆ ಎಲ್ಲಿದೆ ಅಂತ ನನಗೇ ಹುಡುಕಬೇಕಾಯಿತು. ಶನಿವಾರ ಮಧ್ಯಾಹ್ನ ಹೊಸ ಆಣಿ ಪೋಣಿಸಿ, ವಾಷರ್ ಕೂರಿಸಿ, ಎಲ್ಲಕ್ಕಿಂತ ಚಿಕ್ಕ ಸುತ್ತಿಗೆಯಲ್ಲಿ ಹತ್ತು ಏಟಿಗೊಮ್ಮೆ ತೆರೆದು ನೋಡುತ್ತಾ ತಲೆ ತಟ್ಟಿದೆ. ಕೊನೆಗೆ ಅಲಗು ಯಾವ ಓರೆಯಲ್ಲಿ ಬಿಟ್ಟರೂ ಅಲ್ಲೇ ನಿಲ್ಲುತ್ತಿತ್ತು. ಮುಚ್ಚಿದರೆ ಎರಡು ಪಟ್ಟಿಗಳ ನಟ್ಟನಡುವೆ, ಕೊಂಬಿಗೆ ತಾಗದೆ, ಸದ್ದಿಲ್ಲದೆ ಕೂರುತ್ತಿತ್ತು.

ನನಗೆ ಹೆಮ್ಮೆಯಾಯಿತು. ಸುಳ್ಳು ಹೇಳುವುದಿಲ್ಲ.

ಭಾನುವಾರ ಹೋದಾಗ ಅಡುಗೆಮನೆಯಲ್ಲಿ ಮಾಂಸ ಬೇಯುವ ವಾಸನೆ. ಒಲೆಯೊಳಗೆ ಪುಡಿಂಗ್ ಉಬ್ಬುತ್ತಿತ್ತು. ಅಕ್ಕ ಒಂದೇ ಕೈಯಲ್ಲಿ ಬಟಾಣಿಯ ನೀರು ಬಸಿಯುತ್ತಿದ್ದಳು.

"ಇಡು ಇಲ್ಲಿ, ನಾನು ಬಸೀತೀನಿ," ಅಂದೆ.

"ನೀನು ಬಸಿದ್ರೆ ಅರ್ಧ ಬಟಾಣಿ ತೊಟ್ಟೀಲಿರುತ್ತೆ. ಎಲ್ಲಿ, ತಂದ್ಯಾ?"

ಕೊಟ್ಟೆ. ಅವಳು ಕೈ ಒರೆಸಿಕೊಂಡು ಮೇಜಿಗೆ ಕೂತಳು. ಕತ್ತಿಯನ್ನು ಎತ್ತಿದ ರೀತಿ ನೋಡಿದೆ. ಹೆಬ್ಬೆರಳು ಎಲ್ಲಿರಬೇಕೋ ಅಲ್ಲಿ, ಎಷ್ಟು ಸಲೀಸಾಗಿ. ನಲವತ್ತು ವರ್ಷ ಅಂಗಡಿ ನಡೆಸಿದ ಕ್ಷೌರಿಕ ಹಿಡಿದ ಹಾಗೆ. ಕಣ್ಣು ಮುಚ್ಚಿಕೊಂಡಳು. ಅಲಗು ತೆರೆದಳು.

ಏನೂ ಕೇಳಿಸಲಿಲ್ಲ.

ಮುಚ್ಚಿದಳು. ಮತ್ತೆ ತೆರೆದಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

"ಇದೇನು ಮಾಡಿದೀಯಾ?"

"ಹೊಸದರ ಹಾಗಾಗಿದೆ. ಇನ್ನು ನೂರು ವರ್ಷ ಅಲ್ಲಾಡಲ್ಲ."

"ಸದ್ದೆಲ್ಲಿ, ಹೆಡ್ಲೀ?"

"ಯಾವ ಸದ್ದು?"

"ಅವನ ಸದ್ದು!" ಅಂದಳು. ಅವಳ ದನಿ ಅಷ್ಟು ಏರಿದ್ದನ್ನು ನಾನು ಐವತ್ತೊಂದರಲ್ಲೂ ಕೇಳಿರಲಿಲ್ಲ. "ಬೀಳದ ಹಾಗೆ ಮಾಡು ಅಂದೆ. ಬೇರೆ ಏನೂ ಮುಟ್ಟಬೇಡ ಅಂತ ಬಾಯಿ ಬಿಟ್ಟು ಹೇಳಿದ್ದೆ ತಾನೇ? ಬೆಳಿಗ್ಗೆ ಆರೂವರೆಗೆ ಅವನು ಇಲ್ಲಿ ನಿಂತು ಇದನ್ನ ತೆಗೀತಿದ್ದ. ನಾನು ಮೇಲೆ ಹಾಸಿಗೇಲಿ ಮಲ್ಕೊಂಡು ಕೇಳ್ತಿದ್ದೆ. ಟಿಕ್ ಅನ್ನೋದು, ಕಿರ್ರ್ ಅನ್ನೋದು. ಸ್ವಲ್ಪ ಹೊತ್ತಾದ ಮೇಲೆ ಟಪ್ ಅನ್ನೋದು. ಆಗ ಎದ್ದು ಚಹಾಕ್ಕೆ ನೀರಿಡ್ತಿದ್ದೆ."

"ಅಕ್ಕಾ..."

"ಮುಖ ಮರೆತುಹೋಯ್ತು ಕಣೋ. ಆ ಮದುವೆ ಫೋಟೋದಲ್ಲಿರೋದು ಯಾರೋ ಹುಡುಗ, ನನ್ನ ಮಗ ಅಂದ್ರೂ ನಡೆಯುತ್ತೆ. ದನಿ ಹೋಗಿ ಇಪ್ಪತ್ತು ವರ್ಷ ಆಯ್ತು. ಇದೊಂದಿತ್ತು. ದಿನಾ ಬೆಳಿಗ್ಗೆ ಇಲ್ಲಿ ಬಂದು ತೆಗೆದ್ರೆ ಅವನು ಇದ್ದ."

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಹಳೆಯ ಆಣಿ ಇನ್ನೂ ಬೆಂಚಿನ ಮೇಲೇ ಇತ್ತು. ತಗೊಂಡು ಹೋಗಿ ಮತ್ತೆ ಸಡಿಲ ಮಾಡಿಕೊಂಡು ಬರುತ್ತೇನೆ ಅಂದು ಎದ್ದಿದ್ದರೆ ಮುಗಿಯುತ್ತಿತ್ತು. ಆದರೆ ಅವಳು ಹೀಗೆ ಅಳುವುದನ್ನು ಮೊದಲ ಸಲ ನೋಡಿ ಗಾಬರಿಯಾಗಿದ್ದೆ. ಹೇಗಾದರೂ ಸಮಾಧಾನ ಮಾಡಬೇಕು, ಮತ್ತು ನನ್ನ ಹತ್ತಿರ ಸಮಾಧಾನ ಇದೆ ಅಂತಲೇ ನಂಬಿದ್ದೆ.

"ಅಕ್ಕಾ, ಕೇಳಿಲ್ಲಿ," ಅಂದೆ. "ಇದನ್ನ ಮಾಡಿದ್ದು ನಾನು. ನನ್ನ ಮೊದಲನೇ ಕತ್ತಿ. ಮೂರು ಸಲ ಬಿಚ್ಚಿ ಮೂರು ಸಲ ಕೂರಿಸಿದ್ದೆ. ರೆಜ್‌ಗೆ ಕೊಟ್ಟಾಗ ಇದು ಹೀಗೇ ಇತ್ತು. ಒಂದು ಚೂರೂ ಸದ್ದು ಮಾಡ್ತಿರಲಿಲ್ಲ. ಅವನು ಕೇಳಿದ್ದು ಇದೇ. ನಾನೇನೂ ಕಿತ್ಕೊಂಡಿಲ್ಲ ಅಕ್ಕಾ, ವಾಪಸ್ ತಂದಿದೀನಿ."

ಅವಳು ಅಳು ನಿಲ್ಲಿಸಿ ನನ್ನನ್ನೇ ನೋಡಿದಳು.

"ಸದ್ದೇ ಇರಲಿಲ್ವಾ?"

"ಹೊಸ ಕತ್ತಿ ಎಲ್ಲಿ ಸದ್ದು ಮಾಡುತ್ತೆ? ಆ ಸದ್ದು ಆಮೇಲೆ ಬಂದಿದ್ದು. ತೂತು ಸವೆದ ಮೇಲೆ."

"ಸವೆಸಿದ್ದು ನಾನು..."

ಅವಳು ತನ್ನ ಬಲಗೈಯನ್ನು ನೋಡಿಕೊಂಡಳು. ನಾನು ಹೇಳಿದ್ದು ಏನು ಅಂತ ಆಗ ನನಗೆ ಅರ್ಥವಾಯಿತು. ಮಾತು ಹೊರಗೆ ಬಿದ್ದಾಗಿತ್ತು.

"ಮತ್ತೆ ಹಾಸಿಗೇಲಿ ಮಲ್ಕೊಂಡು ನಾನು ಕೇಳಿದ್ದು ಏನು?"

"ಗೊತ್ತಿಲ್ಲ ಅಕ್ಕಾ. ಏನೋ ಕೇಳಿರ್ತೀಯ. ನಲ್ಲಿ ನೀರು. ಹಲಗೆ ಮೇಲೆ ಬಟ್ಟಲಿಟ್ಟಿದ್ದು."

"ಏನೂ ಕೇಳಿಲ್ಲ," ಅಂದಳು. "ಹತ್ತೊಂಬತ್ತು ದಿನ ಮಲಗಿ ನಿದ್ದೆ ಹೊಡೆದಿರ್ತೀನಿ. ಇಪ್ಪತ್ಮೂರು ವರ್ಷದ ಹುಡುಗಿ. ಅವನು ಹೊರಡೋವಾಗ ಎಬ್ಬಿಸ್ತಿದ್ದ ಅಂತ ಕಾಣುತ್ತೆ. ಈಗ ಅನ್ನಿಸ್ತಿದೆ, ಎಬ್ಬಿಸ್ತಿದ್ದ."

ಒಲೆಯಿಂದ ಸುಟ್ಟ ವಾಸನೆ ಬಂತು. ಇಬ್ಬರೂ ಏಳಲಿಲ್ಲ. ಮತ್ತೆ ಸಡಿಲ ಮಾಡಿಕೊಡುತ್ತೇನೆ, ಹಳೇ ಆಣಿ ಇದೆ, ನಾಳೆಯೇ ಮಾಡುತ್ತೇನೆ ಅಂತ ನಾನು ಏನೇನೋ ಹೇಳುತ್ತಾ ಹೋದೆ. ಅವಳು ಕತ್ತಿಯನ್ನು ಮಡಿಸಿ ನನ್ನ ಕಡೆ ಸರಿಸಿದಳು.

"ತಗೊಂಡು ಹೋಗು. ಕೆಲಸ ಚೆನ್ನಾಗಿ ಮಾಡಿದೀಯ. ಯಾವತ್ತೂ ಚೆನ್ನಾಗೇ ಮಾಡ್ತೀಯ."

ಕರಕಲಾದ ಪುಡಿಂಗನ್ನು ನಾನೇ ತೆಗೆದು ಹೊರಗೆ ಚೆಲ್ಲಿದೆ. ಪಾತ್ರೆ ತೊಳೆದಿಟ್ಟೆ. ಅವಳು ಕೂತಲ್ಲಿಂದ ಅಲುಗಲಿಲ್ಲ. ಹೊರಡುವಾಗ ಭುಜದ ಮೇಲೆ ಕೈಯಿಟ್ಟೆ. ಅದನ್ನು ಒಮ್ಮೆ ತಟ್ಟಿ, "ಕಾಲು ಜೋಪಾನ, ಬೀದಿ ಒದ್ದೆಯಾಗಿದೆ," ಅಂದಳು.

ಸೋಮವಾರ ಅವಳ ಮನೆ ಬಾಗಿಲು ತಟ್ಟಿದೆ. ತೆರೆಯಲಿಲ್ಲ. ಒಳಗಿಂದ "ಬದುಕಿದೀನಿ ಹೋಗೋ," ಅಂತ ಮಾತ್ರ ಕೇಳಿಸಿತು.

ಮಂಗಳವಾರ ಹನ್ನೊಂದರ ಹೊತ್ತಿಗೆ ಗರ್ಟಿಯ ಚಕ್ರ ತಟ್ಟನೆ ನಿಂತಿತು. ಅದು ಊಟದ ಗಂಟೆಗಲ್ಲದೆ ನಿಲ್ಲುವ ಚಕ್ರವಲ್ಲ. ನಾನು ಮೆಟ್ಟಿಲಿಗೆ ಬಂದು ನೋಡಿದೆ. ಅಂಗಳದ ನಡುವೆ ಅಕ್ಕ ನಿಂತಿದ್ದಳು. ಕಪ್ಪು ಕೋಟು, ಕಪ್ಪು ಹ್ಯಾಟು, ಕಪ್ಪು ಕಾಲುಚೀಲ. ಕೋಟು ಹೊಸದು, ಬೆನ್ನಿನ ಮೇಲೆ ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ.

"ಅಯ್ಯೋ, ಎನಿಡ್," ಅಂದಳು ಗರ್ಟಿ. "ಯಾರು ಹೋದ್ರೇ?"

"ನನ್ನ ಗಂಡ ಕಣೇ."

ಗರ್ಟಿ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದಳು. ಈ ಅಂಗಳದಲ್ಲಿ ರೆಜ್‌ನ ಕತೆ ಗೊತ್ತಿಲ್ಲದವರು ಯಾರು? ಅವಳ ಬಾಯಲ್ಲಿ ಎಲ್ಲಕ್ಕೂ ಒಂದು ಕುಹಕ ಸಿದ್ಧವಿರುತ್ತೆ. ನಾನು ಹೆದರಿಕೊಂಡೇ ಮೆಟ್ಟಿಲಿಳಿಯತೊಡಗಿದೆ.

"ಯಾವಾಗಮ್ಮಾ?" ಅಂತ ಕೇಳಿದಳು ಗರ್ಟಿ, ತೀರ ಮೆಲ್ಲಗೆ.

"ಭಾನುವಾರ."

"ಬಾ ಇಲ್ಲಿ."

ಅಷ್ಟೇ ಅಂದು ಎರಡೂ ತೋಳು ಚಾಚಿ ಅವಳನ್ನು ಎಳೆದುಕೊಂಡಳು. ಗರ್ಟಿಯ ಮೈಮೇಲಿನ ಪೇಪರು ಚರಚರ ಅಂದಿತು. ಮಸಿಯೆಲ್ಲ ಹೊಸ ಕೋಟಿಗೆ ಹತ್ತಿತು. ಕಪ್ಪಿನ ಮೇಲೆ ಕಪ್ಪು, ಕಾಣಲಿಲ್ಲ.

ಆಮೇಲೆ ಅಕ್ಕ ನನ್ನ ಕಡೆ ತಿರುಗಿದಳು. "ಚರ್ಚಿನ ಗೋಡೇಲಿ ಅವನ ಹೆಸರು ಕೆತ್ತಿದಾರಂತಲ್ಲ. ತೋರಿಸು ಬಾ."

ಗುಡ್ಡದ ದಾರಿ. ನನ್ನ ಕಾಲಿಗೆ ತಕ್ಕ ಹಾಗೆ ಅವಳು ನಿಧಾನ ನಡೆದಳು. ಚಿಕ್ಕಂದಿನಿಂದ ಹಾಗೇ. ಚರ್ಚಿನೊಳಗೆ ಯಾರೂ ಇರಲಿಲ್ಲ. ಎಡಗೋಡೆಯ ಕಲ್ಲಿನಲ್ಲಿ ನಮ್ಮ ಬೀದಿಗಳಿಂದ ಯುದ್ಧಕ್ಕೆ ಹೋಗಿ ಬಾರದ ನಲವತ್ತೊಂದು ಜನರ ಹೆಸರು. ನಾನು ತೋರಿಸಬೇಕಾಗಲಿಲ್ಲ, ಅವಳೇ ಹುಡುಕಿಕೊಂಡಳು. ಕೈಗವಸು ಕಳಚಿ ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ಬರೀ ಆರ್ ಅಂತ ಹಾಕಿದಾರೆ. ಆರ್ ಗ್ರೀವ್ಸ್."

"ಎಲ್ಲರಿಗೂ ಹಾಗೇ ಅಕ್ಕಾ. ಜಾಗ ಸಾಲಲಿಲ್ಲ."

"ಯಾವಾಗ ಹಾಕಿದ್ದು?"

"ನಲವತ್ತೆಂಟರಲ್ಲಿ."

"ಅವತ್ತು ಯಾರಾದ್ರೂ ಬಂದಿದ್ರಾ, ಅವನ ಕಡೆಯಿಂದ?"

"ನಾನು ಬಂದಿದ್ದೆ. ನಿನಗೆ ಹೇಳಲಿಲ್ಲ. ನಿನ್ನ ಹೆಸರಲ್ಲಿ ಹೂವಿಟ್ಟು ಬಂದೆ."

ಅವಳು ಬೆರಳು ತೆಗೆಯಲಿಲ್ಲ.

"ಏನು ಹೂವು?"

ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಹಾಗಂತ ಹೇಳಿದೆ. ಅವಳು ತಲೆಯಾಡಿಸಿ, ಹಣೆಯನ್ನು ಕಲ್ಲಿಗಾನಿಸಿ, ಅಳತೊಡಗಿದಳು. ನಾನು ಅವಳ ಕೈಚೀಲ ಹಿಡಿದುಕೊಂಡು ಪಕ್ಕದಲ್ಲಿ ನಿಂತೆ.